ಲೂರ್ದತ್ತೆ ಮತ್ತು ಬಾವಿಕಟ್ಟೆಯ ಸ್ಟ್ರಾಬೆರಿ

ಲೂರ್ದತ್ತೆ ಸ್ಟ್ರಾಬೆರಿ ಕಚ್ಚುತ್ತಿದ್ದರೇ ಹೊರತು ನುಂಗುತ್ತಿರಲಿಲ್ಲ. ತೊಟ್ಟು ಹಿಡಿದು ಹಣ್ಣನ್ನು ಬೆಳಕಿಗೆ ಎತ್ತಿ ನೋಡಿ, ತುದಿಯ ಕಡೆಯಿಂದ ಕಚ್ಚಿ, ಕಣ್ಣು ಮುಚ್ಚಿಕೊಂಡು ಅಗಿದು, ಪಕ್ಕದಲ್ಲಿಟ್ಟುಕೊಂಡಿದ್ದ ಎನಾಮಲ್ ಬೋಗುಣಿಗೆ ಥೂ ಎಂದು ಉಗಿದುಬಿಡುವರು. ಆಮೇಲೆ ಕಣ್ಣು ತೆರೆದು ಆ ಗಿಡದ ಕಡೆ ಒಂದು ನೋಟ ಬೀರುವರು. ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ಫೇಲಾದ ಹುಡುಗಿಯನ್ನು ಹಾಗೆ ನೋಡಿದ್ದು ನಾನು ಕಾಣೆ. "ಕಿತ್ತಾಕು" ಅನ್ನುವರು. ಅಷ್ಟೇ. ಆ ಗಿಡದ ಕಥೆ ಅಲ್ಲಿಗೆ ಮುಗಿಯಿತು. ಕಿತ್ತ ಗಿಡವನ್ನು ತಿಪ್ಪೆಗೂ ಹಾಕುತ್ತಿರಲಿಲ್ಲ, ಯಾರಾದರೂ ಎತ್ತಿಕೊಂಡು ಹೋಗಿ ನೆಟ್ಟಾರು ಎಂದು. ಬಿಸಿಲಿಗೆ ಹರವಿ, ಒಣಗಿಸಿ, ಬಚ್ಚಲ ಒಲೆಗೆ ತುರುಕುವರು. ವರ್ಷದಲ್ಲಿ ಎಷ್ಟೋ ದಿನ ನಮ್ಮ ಅತ್ತೆಯ ಸ್ನಾನದ ನೀರು ಕಾಯುತ್ತಿದ್ದುದು ಅವರಿಗೆ ರುಚಿಸದ ಸ್ಟ್ರಾಬೆರಿ ಗಿಡಗಳಿಂದ.

ನಾನು ಅವರನ್ನು ಬಹಳ ದ್ವೇಷಿಸುತ್ತಿದ್ದೆ. ಮೈಸೂರಿನವಳಾದ್ದರಿಂದ ಬಹುವಚನದಲ್ಲೇ ದ್ವೇಷಿಸಿದೆ. ಈಗ ಈ ವಯಸ್ಸಿನಲ್ಲಿ ಅವರ ಬಗ್ಗೆ ಬರೆಯಲು ಕೂತರೆ ಕೈ ತಾನಾಗಿಯೇ "ಅವರು" ಎಂದು ಬರೆಯುತ್ತದೆ. ದ್ವೇಷ ಎಲ್ಲಿ ಹೋಯಿತು ಎಂದು ಹುಡುಕಿದರೆ, ಇದೆ, ಪೂರ್ತಿ ಹೋಗಿಲ್ಲ.

ಅವರು ನಮ್ಮಪ್ಪನ ಅಕ್ಕ. ಹೆಸರು ಲೂರ್ದ್ ಮೇರಿ. ಮದುವೆಯಾಗಲಿಲ್ಲ. ಕಾಲೇಜಿನಲ್ಲಿ ಬಾಟನಿ ಹೇಳಿಕೊಡುತ್ತಿದ್ದವರು, ಪ್ರಿನ್ಸಿಪಾಲರ ಜೊತೆ ಜಗಳವಾಡಿ ಒಂದು ದಿನ ಬೆಳಿಗ್ಗೆ ರಾಜೀನಾಮೆ ಕೊಟ್ಟು ಬಂದರು. ಯಾದವಗಿರಿಯಲ್ಲಿ ಒಂದು ಹಳೇ ಬಂಗಲೆಯ ಹಿಂಭಾಗ ಬಾಡಿಗೆಗೆ ಹಿಡಿದರು. ಮನೆ ಚಿಕ್ಕದು, ಕಾಂಪೌಂಡು ದೊಡ್ಡದು, ಒಳ್ಳೆ ನೀರಿನ ಬಾವಿ. ಅಲ್ಲಿ ಶುರುವಾಯಿತು ಅವರ ಸ್ಟ್ರಾಬೆರಿ. ನಮ್ಮಮ್ಮನಿಗೆ ನಾದಿನಿಯನ್ನು ಕಂಡರೆ ಆಗುತ್ತಿರಲಿಲ್ಲ. "ನಿಮ್ಮಕ್ಕ ಮದುವೆಯಾಗದೇ ಇದ್ದದ್ದು ಒಳ್ಳೇದಾಯ್ತು ಕಣ್ರೀ. ಆಗಿದ್ರೆ ಆ ಗಂಡನ್ನೂ ಒಂದು ಸಲ ಕಚ್ಚಿ ನೋಡಿ ಉಗಿದಿರೋರು" ಎಂದು ಅಪ್ಪನ ಎದುರಿಗೇ ಹೇಳುತ್ತಿದ್ದಳು. ಅಪ್ಪ ನಗುತ್ತಿದ್ದರು. ಆಗಿನ್ನೂ ನಗುತ್ತಿದ್ದರು.

ಅಪ್ಪ, ಚೌರಪ್ಪ, ಬೆಳೆಗಾರರು. ಈಗ ಗೋಕುಲಂ ಎಂದು ಕರೆಯುತ್ತೀರಲ್ಲ, ಯೋಗದ ಚಾಪೆ ಸುತ್ತಿಕೊಂಡು ಫಾರಿನರ್‌ಗಳು ಎಳನೀರು ಕುಡಿಯುತ್ತಾ ನಿಂತಿರುತ್ತಾರೆ, ಆ ಕಡೆಯೆಲ್ಲ ಆಗ ಹೊಲ. ಅಲ್ಲಿ ಅಪ್ಪ ಗುತ್ತಿಗೆಗೆ ಜಮೀನು ಹಿಡಿದಿದ್ದರು. ಪಕ್ಕದ ಜಮೀನು ನಿಂಗೇಗೌಡರದು. ಇವರಿಬ್ಬರೂ, ಅಕ್ಕಪಕ್ಕದ ಇನ್ನೂ ಕೆಲವರೂ ಚಳಿಗಾಲಕ್ಕೆ ಸ್ಟ್ರಾಬೆರಿ ಹಾಕುತ್ತಿದ್ದರು. ಯಾವ ಕಾಲದಲ್ಲೋ ಯಾರೋ ಇಂಗ್ಲಿಷ್ ದೊರೆ ತಂದುಕೊಟ್ಟ ಜಾತಿ. ಹೊಲದವರ ಬಾಯಲ್ಲಿ ಅದು ದೊರೆಹಣ್ಣು. ದೊರೆಗಳು ಹಡಗು ಹತ್ತಿ ಹೋದ ಮೇಲೂ ಹಣ್ಣು ಉಳಿದುಕೊಂಡಿತ್ತು. ಬಿದಿರು ಬುಟ್ಟಿಗೆ ಬಾಳೆಎಲೆ ಹಾಸಿ, ಹಣ್ಣು ಜೋಡಿಸಿ, ಬೆಂಗಳೂರಿನ ರೈಲಿಗೆ ಹಾಕುವರು. ಅಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಒಬ್ಬ ಏಜೆಂಟು ಇಳಿಸಿಕೊಂಡು ಹೋಟೆಲುಗಳಿಗೂ ಬೇಕರಿಗಳಿಗೂ ಕೊಡುತ್ತಿದ್ದ. ಕ್ರಿಸ್‌ಮಸ್ ಹೊತ್ತಿಗೆ ಕೇಳಿದಷ್ಟು ಹಣ್ಣು ಸಿಕ್ಕಿದರೆ ಅವನು ರಾಜ. ಸಿಗದಿದ್ದರೆ ನಮ್ಮಪ್ಪನಿಗೆ ಅವನ ಬೈಗುಳ.

ಲೂರ್ದತ್ತೆ ಮಾಡುತ್ತಿದ್ದುದು ಈ ಬೆಳೆಗಾರರಿಗಾಗಿ ಹೊಸ ಜಾತಿ. ಬಾಯಲ್ಲಿ ಹಾಗೇ ಹೇಳುತ್ತಿದ್ದರು: "ಫಾರ್ ದಿ ಗ್ರೋಯರ್ಸ್." ಆದರೆ ಗ್ರೋಯರ್ಸ್ ಯಾರಾದರೂ ಗೇಟಿನ ಹತ್ತಿರ ಕಂಡರೆ ಅವರ ಮುಖ ಸಿಂಡರಿಸಿಹೋಗುತ್ತಿತ್ತು.

ಶನಿವಾರ ಅರ್ಧ ದಿನ ಸ್ಕೂಲು. ಮುಗಿದ ತಕ್ಷಣ ನಾನು ಯೂನಿಫಾರಮ್ಮಿನಲ್ಲೇ ಅವರ ಮನೆಗೆ ಹೋಗಬೇಕು. ಅದು ಅಪ್ಪನ ಆರ್ಡರ್. ಕಣ್ಣು ಚುರುಕು, ಕೈ ಸಣ್ಣದು ಎಂದು ಅತ್ತೆ ನನ್ನನ್ನು ಆರಿಸಿಕೊಂಡಿದ್ದರು. ಮೊಗ್ಗು ಇನ್ನೂ ಬಿರಿಯುವ ಮುಂಚೆ ಗಡಿಯಾರ ರಿಪೇರಿಯವರ ಚಿಮಟದಿಂದ ಎಸಳು ಬಿಡಿಸಿ, ಒಳಗಿನ ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ಬೇರೆ ಜಾತಿಯ ಹೂವಿನ ಹಳದಿ ಪುಡಿಯನ್ನು ಚಿತ್ರ ಬರೆಯುವ ಬ್ರಷ್ಷಿನಲ್ಲಿ ತಂದು ಸವರಬೇಕು. ಮೇಲೆ ಬಟರ್ ಪೇಪರಿನ ಟೋಪಿ. ಹಣ್ಣಾದ ಮೇಲೆ ಮೈಮೇಲಿನ ಬೀಜವನ್ನು ಬ್ಲೇಡಿನಲ್ಲಿ ಕೆರೆದು ಬ್ಲಾಟಿಂಗ್ ಪೇಪರ್ ಮೇಲೆ ಒಣಗಿಸಬೇಕು. ಆ ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಒಂದರಂತೆ ಒಂದಿಲ್ಲ. ಒಂದು ಹುಳಿ, ಒಂದು ನೀರು, ಒಂದಕ್ಕೆ ಹಣ್ಣೇ ಇಲ್ಲ. ನೂರಾರು ಸಸಿಯಲ್ಲಿ ಯಾವುದೋ ಒಂದು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿದ ಒಂದನ್ನು ಮಾತ್ರ ಬೀಜದಿಂದ ಬೆಳೆಸುವ ಹಾಗಿಲ್ಲ. ಗಿಡವೇ ನೆಲದ ಮೇಲೆ ಬಳ್ಳಿಯಂಥ ಕುಡಿ ಚಾಚಿ, ತಾಗಿದಲ್ಲಿ ಬೇರು ಬಿಟ್ಟು ಮರಿ ಮಾಡುತ್ತದೆ. ಆ ಮರಿ ತಾಯಿಯ ಅಚ್ಚು. ಹಾಗಾಗಿ ಒಂದೇ ಒಂದು ಮರಿ ಯಾರ ಕೈಗಾದರೂ ಸಿಕ್ಕಿತೋ, ಇಡೀ ಜಾತಿಯೇ ಸಿಕ್ಕಿತು. ಅತ್ತೆ ದಿನಾ ಕತ್ತರಿ ಹಿಡಿದು ಕುಡಿಗಳನ್ನು ಕತ್ತರಿಸುತ್ತಿದ್ದುದು ಅದಕ್ಕೇ.

ನಾನು ರುಚಿಯನ್ನೂ ನೋಡಬೇಕಿತ್ತು.

"ಹೇಗಿದೆ?"

"ಗುಡ್ ಅತ್ತೆ."

"ಗುಡ್ ಅಂದ್ರೆ ಏನೂ ಅಲ್ಲ. ಗುಡ್ ಅನ್ನೋದು ಸಿಸ್ಟರ್‌ಗಳ ಮುಂದೆ ಹೇಳ್ಕೋ. ನಾಲಗೆಗೆ ಏನಾಯ್ತು, ಅದನ್ನ ಹೇಳು."

"ಸಿಹಿ ಇದೆ. ಆಮೇಲೆ ಸ್ವಲ್ಪ... ಸೋಪಿನ ಥರ."

"ಎಲ್ಲಿ? ಮುಂದೆಯಾ, ಹಿಂದೆಯಾ?"

"ಗಂಟಲ ಹತ್ರ."

"ಈಗ ಸರಿ. ಕಿತ್ತಾಕು."

"ಅತ್ತೆ, ಪಾಪ, ಎಷ್ಟೊಂದು ಹಣ್ಣು ಬಿಟ್ಟಿದೆ..."

"ಸ್ಟೆಲ್ಲಾ, ಪಾಪ ಅನ್ನೋರು ಚರ್ಚಿಗೆ ಹೋಗಿ ಕ್ಯಾಂಡಲ್ ಹಚ್ಚಲಿ. ನೀನು ಪಾಪ ಅಂತ ಬಿಟ್ಟ ಒಂದು ಗಿಡಾನ ನಾಳೆ ಯಾವನೋ ಒಬ್ಬ ಹೊಲ ತುಂಬ ನೆಡ್ತಾನೆ. ಕೀಳು!"

ಕಿತ್ತೆ. ಕೈ ಮಣ್ಣಾಗಿತ್ತು, ಕಣ್ಣೀರು ಬಂದಿತ್ತು. ಮೂಗು ಒರೆಸಿಕೊಂಡಿದ್ದಕ್ಕೆ ಮತ್ತೆ ಬೈದರು. ಒಂದು ಮಾತು ಮಾತ್ರ ಒಪ್ಪಬೇಕು. ಒಂದು ವಸ್ತು ಹೇಗಿದೆಯೋ ಹಾಗೆ ಹೇಳುವುದು ನನಗೆ ಯಾವ ಕಾನ್ವೆಂಟೂ ಕಲಿಸಲಿಲ್ಲ. ಕಲಿಸಿದ್ದು ಆ ಬೋಗುಣಿಯ ಪಕ್ಕದ ಶನಿವಾರಗಳು.

ನಿಂಗೇಗೌಡರಿಗೂ ಅವರಿಗೂ ನಡೆದದ್ದನ್ನು ನೋಡಬೇಕಿತ್ತು. ಗೌಡರು ಒಂದು ಸಲ ತಮ್ಮ ಹೊಲದ ಒಳ್ಳೊಳ್ಳೆ ಹಣ್ಣು ಆರಿಸಿ ಬುಟ್ಟಿಯಲ್ಲಿ ತಂದು, ರುಮಾಲು ತೆಗೆದು, ಜಗಲಿಯ ಮೇಲಿಟ್ಟರು. ಮರ್ಯಾದೆಗೆ ತಂದದ್ದು. ಅತ್ತೆ ಒಂದು ಎತ್ತಿ ಕಚ್ಚಿ ಅವರ ಮುಂದೆಯೇ ಉಗಿದರು.

"ಇದು ಹಣ್ಣಲ್ಲ ಗೌಡ್ರೇ. ಒದ್ದೆ ಹತ್ತಿ."

ಗೌಡರ ಮುಖ ಕೆಂಪಾಯಿತು. ಆದರೂ ನಕ್ಕರು. "ತಿನ್ನೋ ಜನ ತಿಂತಾವ್ರೆ ಬುಡಿ ಮೇಡಮ್ಮೋರೆ. ಉಗ್ಯೋಕೇ ಅಂತ ಅಣ್ಣು ಬೆಳ್ಯೋಕಾಯ್ತದಾ?"

"ಬೆಂಗಳೂರಿಗೆ ಹೋಗೋದ್ರೊಳಗೆ ನಿಮ್ಮ ಬುಟ್ಟಿ ಅಡಿಯಲ್ಲಿ ರಸ ಸೋರ್ತಿರುತ್ತೆ. ಏಜೆಂಟು ಏನಂತಾನೆ?"

ಏಜೆಂಟು ಏನೆನ್ನುತ್ತಿದ್ದ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ದೊರೆಹಣ್ಣಿನ ಕಾಲ ಮುಗಿಯುತ್ತಾ ಬಂದಿತ್ತು. ಎಲೆ ಮುರುಟಿಕೊಳ್ಳುತ್ತಿತ್ತು, ಹಣ್ಣು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು, ಕ್ರಿಸ್‌ಮಸ್ ಕಳೆದ ಮೇಲೆ ಕೆಂಪಾಗುತ್ತಿತ್ತು. ಗಟ್ಟಿ ಹಣ್ಣು, ಕ್ರಿಸ್‌ಮಸ್‌ಗೆ ಮುಂಚೆ ಕೊಡದಿದ್ದರೆ ತಾನು ಊಟಿ ಕಡೆ ನೋಡಿಕೊಳ್ಳುತ್ತೇನೆ ಎಂದು ಏಜೆಂಟು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಅಂಥ ಹಣ್ಣು ಲೂರ್ದತ್ತೆಯ ಬಾವಿಕಟ್ಟೆಯ ಪಕ್ಕದಲ್ಲಿತ್ತು. ನೀಲಗಿರಿಯ ಯಾವುದೋ ಹಳೇ ಬಂಗಲೆಯ ತೋಟದಿಂದ ತಂದ ತಾಯಿಗೂ ನಮ್ಮ ದೊರೆಹಣ್ಣಿಗೂ ಹುಟ್ಟಿದ ಗಿಡ. ಅದಕ್ಕೆ ಹೆಸರಿಟ್ಟಿರಲಿಲ್ಲ, ಬಾವಿಕಟ್ಟೆ ಗಿಡ ಅನ್ನುತ್ತಿದ್ದೆವು. ಡಿಸೆಂಬರ್ ಮೊದಲಿಗೇ ಹಣ್ಣು. ಒಳಗೂ ಕೆಂಪು. ಮೇಜಿನ ಮೇಲೆ ಬಿಟ್ಟರೆ ದಿನಗಟ್ಟಲೆ ಹಾಗೇ ಇರುತ್ತಿತ್ತು. ಅದರ ಹಣ್ಣು ಕಚ್ಚಿದ ದಿನ ಅತ್ತೆ ಉಗಿಯಲು ಮರೆತು ಸುಮ್ಮನೆ ಕೂತಿದ್ದರು. ಆಮೇಲೆ ನೆನಪಾಗಿ ಉಗಿದರು.

ಅಪ್ಪ ಕೇಳಿದರು. "ಅಕ್ಕ, ಮರಿ ಕೊಡು. ಈ ಮಳೆಗಾಲದಲ್ಲಿ ಬೆಳೆಸ್ಕೋತೀವಿ."

"ಇನ್ನೂ ಆಗಿಲ್ಲ."

"ಏನಾಗಿಲ್ಲ? ಇದಕ್ಕಿಂತ ಇನ್ನೇನಾಗಬೇಕು?"

"ಆಗಿಲ್ಲ ಅಂದ್ನಲ್ಲ ಚೌರಿ. ಆದಾಗ ಕೊಡ್ತೀನಿ."

ಮರುವರ್ಷ ಮತ್ತೆ ಕೇಳಿದರು. ಮತ್ತೆ ಆಗಿಲ್ಲ. ಅಪ್ಪನ ದನಿ ಏರಿತು. "ಯಾರಿಗೋಸ್ಕರ ಮಾಡ್ತಿದ್ದೀಯ ಅಕ್ಕ ನೀನು ಇದನ್ನ? ಬಚ್ಚಲ ಒಲೆಗಾ?"

"ನಿನ್ನಂಥ ಅವಸರದೋರಿಗಂತೂ ಅಲ್ಲ."

"ಏಜೆಂಟು ಬಿಟ್ಟು ಹೋದ ಮೇಲೆ ಯಾರಿಗೆ ಕೊಡ್ತೀಯ? ಅಷ್ಟು ಜನರ ಬೇಸಾಯ ಹೋಗುತ್ತೆ."

"ಹೋಗಲಿ. ಕೆಟ್ಟ ಬೇಸಾಯ ಹೋದ್ರೆ ಹೋಗಲಿ." ಹೀಗೆ ಹೇಳುವಾಗ ಅವರು ತಮ್ಮನ ಮುಖ ಕೂಡ ನೋಡಲಿಲ್ಲ, ಕುಡಿ ಕತ್ತರಿಸುತ್ತಿದ್ದರು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅತ್ತೆ ಕೂನೂರಿಗೆ ಹೊರಟರು. ಯಾವುದೋ ಗಿಡ ಹುಡುಕುವುದಿದೆ, ಬರುವುದು ಕೆಲವು ವಾರವಾಗುತ್ತದೆ ಅಂದರು. ಎಷ್ಟೇ ಜಗಳವಾದರೂ ತಮ್ಮನನ್ನು ಬಿಟ್ಟರೆ ಇನ್ಯಾರನ್ನೂ ನಂಬದ ಹೆಂಗಸು, ಗೇಟಿನ ಬೀಗದ ಕೈ ಅಪ್ಪನ ಕೈಗೆ ಕೊಟ್ಟು, "ಮಳೆ ಬಿಟ್ಟ ದಿನ ನೀರು ಹಾಕು. ಇನ್ನೇನೂ ಮುಟ್ಟಬೇಡ" ಅಂದರು.

ಅಪ್ಪ ನೀರು ಹಾಕಿದರು. ಕತ್ತರಿಸುವವರಿಲ್ಲದೆ ಬಾವಿಕಟ್ಟೆ ಗಿಡ ನಾಲ್ಕೂ ಕಡೆ ಕುಡಿ ಚಾಚಿ ಬೇರು ಬಿಡುತ್ತಿತ್ತು. ಒಂದು ಬೆಳಿಗ್ಗೆ ಅಪ್ಪನೂ ನಿಂಗೇಗೌಡರೂ ಬುಟ್ಟಿ ತೆಗೆದುಕೊಂಡು ಹೋದರು. "ಅಕ್ಕನ ಮನೆ ಗಿಡ. ಕಳ್ಳತನ ಏನ್ ಬಂತು ಇದ್ರಲ್ಲಿ?" ಎಂದು ಅಪ್ಪ ಅಮ್ಮನಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಅಮ್ಮ ಏನೂ ಅನ್ನಲಿಲ್ಲ. ಅಮ್ಮ ಏನೂ ಅನ್ನದೇ ಇದ್ದದ್ದು ಅದೇ ಮೊದಲು.

ಅತ್ತೆ ವಾಪಸ್ಸು ಬಂದು ಬಾವಿಕಟ್ಟೆಯ ಹತ್ತಿರ ಬಗ್ಗಿ ನೋಡಿದರು. ಬೇರು ಕಿತ್ತ ಗುಳಿಗಳು ಎದ್ದು ಕಾಣುತ್ತಿದ್ದವು. ಈಗ ಕೂಗಾಡುತ್ತಾರೆ ಎಂದುಕೊಂಡೆ. ಅವರು ಸೆರಗಿಗೆ ಕೈ ಒರೆಸಿಕೊಂಡು, "ಬೀಗದ ಕೈ ಇಸ್ಕೊಂಡು ಬಾ ನಿಮ್ಮಪ್ಪನ ಹತ್ರ" ಅಂದರು. ಅಷ್ಟೇ. ಮಾರನೆಯ ದಿನ ಬೀಗ ಬದಲಾಯಿತು. ಒಂದು ಬೈಗುಳವೂ ಬರಲಿಲ್ಲ. ಅಪ್ಪನಿಗೆ ಅದೇ ಸಮಾಧಾನ. "ನೋಡಿದ್ಯಾ, ಅಕ್ಕನಿಗೂ ಕೊಡಬೇಕು ಅಂತಲೇ ಇತ್ತು. ಬಾಯಲ್ಲಿ ಹೇಳೋಕೆ ಸ್ವಾಭಿಮಾನ" ಅಂದರು.

ಒಂದು ವರ್ಷ ಮರಿಗಳನ್ನು ಸಸಿಮಡಿಯಲ್ಲಿ ಬೆಳೆಸಿದರು. ಮರಿ ಬೇಕಾದಾಗ ಹೂವನ್ನು ಚಿವುಟಿಹಾಕುವುದು ಬೆಳೆಗಾರರ ಪದ್ಧತಿ. ಹೂವಿಗೆ ಹೋಗುವ ಬಲ ಕುಡಿಗೆ ಬರಲಿ ಎಂದು. ಹಾಗಾಗಿ ಆ ವರ್ಷ ಅದರ ಹಣ್ಣನ್ನು ಯಾರೂ ಹುಡುಕಲಿಲ್ಲ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲರ ಹೊಲಕ್ಕೂ ಆಗುವಷ್ಟು ಸಸಿ ಆಗಿತ್ತು. ನೆಡುವ ಮೊದಲು ದೊರೆಹಣ್ಣಿನ ಗಿಡಗಳನ್ನೆಲ್ಲ ಬುಡಸಮೇತ ಕಿತ್ತರು. ಒಂದು ಹೊಲದಲ್ಲಿ ಎರಡು ಜಾತಿ ಬೆರೆಯಬಾರದು, ಬೆರೆತರೆ ಬುಟ್ಟಿಯಲ್ಲಿ ಹಣ್ಣು ಒಂದೇ ಸಮ ಬರುವುದಿಲ್ಲ, ಜೊತೆಗೆ ಹಳೆಯದರ ರೋಗ ಹೊಸದಕ್ಕೆ ಹತ್ತುತ್ತದೆ. ಒಳ್ಳೆ ಬೆಳೆಗಾರ ಹಾಗೇ ಮಾಡುವುದು. ಕಿತ್ತು ಗುಡ್ಡೆ ಹಾಕಿ ಬೆಂಕಿ ಇಟ್ಟರು. ಹೊಗೆ ಹೊಲದಿಂದ ಹೊಲಕ್ಕೆ ಹರಿಯುತ್ತಿತ್ತು, ಆಚೆ ಚಾಮುಂಡಿ ಬೆಟ್ಟ ಮಸುಕಾಗಿ ಕಾಣುತ್ತಿತ್ತು.

ಆ ದಿನ ಲೂರ್ದತ್ತೆ ಬಂದರು. ಸಂಜೆ ವಾಕಿಂಗ್ ಹೋಗುವಾಗಿನ ಕರೀ ಕೊಡೆ ಹಿಡಿದು ಬದುವಿನ ಮೇಲೆ ನಿಂತರು. ಗೌಡರು ತಲೆ ತಗ್ಗಿಸಿಕೊಂಡು ಕೀಳುತ್ತಲೇ ಇದ್ದರು. ಅಪ್ಪ ಸೊಂಟ ನೆಟ್ಟಗೆ ಮಾಡಿ ನಿಂತರು, ಬೈಗುಳಕ್ಕೆ ತಯಾರಾಗಿ.

"ಪೂರ್ತಿ ಕೀಳ್ತೀಯಾ?" ಅತ್ತೆ ಕೇಳಿದರು.

"ಪೂರ್ತಿ ಕೀಳ್ತೀನಿ."

"ಒಂದೂ ಬಿಡಲ್ವಾ?"

"ಯಾಕೆ ಬಿಡಬೇಕು ಅಕ್ಕ? ನಿನ್ನ ಗಿಡ ಇರುವಾಗ ಆ ಒದ್ದೆ ಹತ್ತಿ ಯಾರಿಗೆ ಬೇಕು?"

ಅಪ್ಪ ರಾಜಿಗೆಂದು ಆಡಿದ ಮಾತು ಅದು, ನನಗೆ ಗೊತ್ತು. ಅತ್ತೆ ಸ್ವಲ್ಪ ಹೊತ್ತು ಬೆಂಕಿಯ ಕಡೆ ನೋಡಿದರು. "ಒಳ್ಳೇದು" ಎಂದು ಹೊರಟುಹೋದರು.

ನವೆಂಬರಿನಲ್ಲಿ ಹೂವು ಬಂತು. ಅಷ್ಟು ಹೂವನ್ನು ನಾನು ಮುಂಚೆ ಕಂಡಿರಲಿಲ್ಲ, ಹೊಲದ ಮೇಲೆ ಯಾರೋ ಬಿಳೀ ವೇಲ್ ಹೊದಿಸಿದ ಹಾಗೆ. ಅಪ್ಪ ಏಜೆಂಟಿಗೆ ಕ್ರಿಸ್‌ಮಸ್‌ಗೆ ಬೇಕಾದಷ್ಟು ಹಣ್ಣು ಕೊಡುತ್ತೇನೆ ಎಂದು ಮಾತು ಕೊಟ್ಟರು. ಗೌಡರು ಹೊಸ ಬುಟ್ಟಿ ಹೆಣೆಸಿದರು. ಎಸಳು ಉದುರಿತು. ಒಳಗಿನ ಗುಂಡು ಉಬ್ಬಬೇಕಿತ್ತು, ಉಬ್ಬಲಿಲ್ಲ. ಹಸಿರಾಗಿ, ಕಂದಾಗಿ, ಒಣಗಿ ಗಟ್ಟಿಯಾಯಿತು, ಕೋಟಿನ ಗುಂಡಿಯಂತೆ. ನೀರು ಹೆಚ್ಚಾಯಿತೇನೋ ಎಂದು ನೀರು ಕಡಿಮೆ ಮಾಡಿದರು. ಗೊಬ್ಬರ ಹಾಕಿದರು. ಹಿಂಡಿ ಹಾಕಿದರು. ಚರ್ಚಿನಲ್ಲಿ ಪೂಜೆ ಹೇಳಿಸಿದರು. ಗೌಡರು ಬೆಟ್ಟಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಒಂದು ಹೊಲದಲ್ಲೂ ಹಣ್ಣಾಗಲಿಲ್ಲ.

ಡಿಸೆಂಬರ್ ಕಳೆಯುವ ಮುಂಚೆ ಅಪ್ಪ ಆ ಗುಂಡಿಗಳನ್ನು ಒಂದು ಬೊಗಸೆ ತುಂಬಿಕೊಂಡು ಯಾದವಗಿರಿಗೆ ನಡೆದರು. ನಾನು ಹಿಂದೆ ಓಡಿದೆ. ಜಗಲಿಯ ಮೇಲೆ ಅತ್ತೆ ಕೂತಿದ್ದರು. ಅಪ್ಪ ಬೊಗಸೆ ಸುರಿದರು.

"ಏನಕ್ಕ ಇದು? ಏನ್ ಮಾಡ್ದೆ ನಮ್ಮ ಗಿಡಕ್ಕೆ?"

"ನಿಮ್ಮ ಗಿಡ!" ಅತ್ತೆ ನಕ್ಕರು. ಎದ್ದು ಹೋಗಿ ಎರಡು ಹೂವು ಕಿತ್ತು ತಂದರು. ತಮ್ಮ ಕರೀ ಕೊಡೆಯ ಬಟ್ಟೆಯನ್ನು ತೊಡೆಯ ಮೇಲೆ ಬಿಗಿಹಿಡಿದು ಒಂದು ಹೂವನ್ನು ಅದರ ಮೇಲೆ ಉಜ್ಜಿದರು. ಹಳದಿ ಪುಡಿಯ ಗೆರೆ ಮೂಡಿತು. "ಇದು ನೀನು ಸುಟ್ಟೆಯಲ್ಲ, ನಿನ್ನ ದೊರೆಹಣ್ಣಿಂದು." ಇನ್ನೊಂದನ್ನು ಉಜ್ಜಿದರು. ಬಟ್ಟೆ ಕಪ್ಪಾಗಿಯೇ ಇತ್ತು. "ಇದು ಬಾವಿಕಟ್ಟೆ ಗಿಡದ್ದು. ಪುಡಿ ಇಲ್ಲ. ಬರೀ ಹೆಣ್ಣು. ಪಕ್ಕದಲ್ಲಿ ಪುಡಿ ಇರೋ ಜಾತಿ ಒಂದು ಸಾಲಾದ್ರೂ ಇರಬೇಕು, ಆಗ ಜೇನುನೊಣ ತಂದುಕೊಡುತ್ತೆ. ನನ್ನ ಅಂಗಳದಲ್ಲಿ ಸುತ್ತ ಬೇರೆ ಗಿಡ ಇದ್ವು, ಕಾಯಿ ಕಚ್ಚಿತು. ನೀನು ಬದುವಿನ ಮೇಲೂ ಒಂದು ಬಿಡದ ಹಾಗೆ ಕಿತ್ತೆ."

ಅಪ್ಪ ಬಗ್ಗಿ ಕೊಡೆಯ ಬಟ್ಟೆಯ ಮೇಲೆ ಬೆರಳಾಡಿಸಿ ನೋಡಿಕೊಂಡರು.

"ಆಗಿಲ್ಲ ಅಂದೆನಲ್ಲ. ಇದೇ ಆಗದೇ ಇದ್ದದ್ದು. ಇದು ಬೇಗ ಹೂವು ಬಿಡುತ್ತೆ, ದೊರೆಹಣ್ಣು ಲೇಟು, ಅದನ್ನ ಬಿಟ್ಟಿದ್ರೆ ಕೊನೇ ಹೂವಿಗಾದ್ರೂ ಕಾಯಿ ಕಚ್ಚೋದು. ಇದರ ಜೊತೆಗೇ ಹೂವು ಬಿಡೋ ಜೋಡಿ ಬೇಕಿತ್ತು. ಅದನ್ನ ಹುಡುಕೋಕೇ ನಾನು ಕೂನೂರಿಗೆ ಹೋದದ್ದು."

"ಒಂದು ಮಾತು ಹೇಳಬಾರದಿತ್ತಾ ಅಕ್ಕ?"

"ನೀವು ಯಾರಾದ್ರೂ ಯಾಕೆ ಅಂತ ಕೇಳಿದ್ರಾ? ಕೊಡು, ಕೊಡು, ಕೊಡು. ಕೊನೆಗೆ ಅದನ್ನೂ ಕೇಳ್ಲಿಲ್ಲ."

"ಬದುವಿನ ಮೇಲೆ ನಿಂತು ನೋಡಿದ್ಯಲ್ಲ. ಬೆಂಕಿ ಇಡೋದನ್ನ ನೋಡಿದ್ಯಲ್ಲ!"

"ಪೂರ್ತಿ ಕೀಳ್ತೀಯಾ ಅಂತ ಕೇಳ್ದೆ."

"ಅದು ಹೇಳೋ ರೀತಿಯಾ?"

"ಕಳ್ಳನಿಗೆ ಅಷ್ಟು ಸಾಕು."

ಆ ಮಾತು ಬಿದ್ದಾಗ ಅಪ್ಪನ ಮುಖ ಹೇಗಾಯಿತು ಎಂದು ಬರೆಯಲು ಇಷ್ಟು ವರ್ಷದಲ್ಲೂ ನನಗೆ ಬಂದಿಲ್ಲ. ಅವರು ಅಕ್ಕನ ಕೈಯಿಂದ ಆ ಪುಡಿಯಿಲ್ಲದ ಹೂವನ್ನು ತೆಗೆದುಕೊಂಡು ನೋಡಿ, ಜಗಲಿಯ ಮೇಲೆ ಮೆಲ್ಲಗೆ ಇಟ್ಟು, ಮೆಟ್ಟಿಲಿಳಿದರು.

ಏಜೆಂಟು ಊಟಿ ಕಡೆ ಹೋದ. ಬೆಳೆಗಾರರು ಬದನೆ, ಟೊಮೇಟೊ ಹಾಕಿದರು. ಅಪ್ಪ ಗುತ್ತಿಗೆ ಬಿಟ್ಟು ಒಂದು ಮಿಲ್ಲಿನಲ್ಲಿ ಗುಮಾಸ್ತರಾದರು, ಸಾಯಂಕಾಲ ಮನೆಗೆ ಬಂದರೆ ಬರಿಯ ಕೈ ನೋಡಿಕೊಂಡು ಕೂರುವರು. ಚರ್ಚಿಗೆ ಅಪ್ಪ ಮೊದಲ ಪೂಜೆಗೆ ಹೋಗುವರು, ಅತ್ತೆ ಎರಡನೆಯದಕ್ಕೆ. ಅಡ್ಡ ಸಿಕ್ಕಿದರೆ ಒಬ್ಬರು ದಾರಿ ಬದಲಿಸುವರು.

ನಾನು ಕಾಲೇಜು ಸೇರಿದ ಮೇಲೂ ಅಪ್ಪನಿಗೆ ಹೇಳಿಯೇ ಆಗಾಗ ಯಾದವಗಿರಿಗೆ ಹೋಗುತ್ತಿದ್ದೆ. ಅಪ್ಪ ಹೋಗಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಯಾಕೆ ಹೋಗುತ್ತಿದ್ದೆ? ಜಗಳವಾಡಲು ಅಂತಲೇ ಹೇಳಬೇಕು. ಒಂದು ಡಿಸೆಂಬರಿನಲ್ಲಿ ಹೋದಾಗ ಬಾವಿಕಟ್ಟೆಯ ಗಿಡದ ಪಕ್ಕ ಇನ್ನೊಂದು ಸಾಲು ಇತ್ತು. ಎರಡರಲ್ಲೂ ಹಣ್ಣು ತೂಗುತ್ತಿತ್ತು. ಅತ್ತೆ ಒಂದು ಕಿತ್ತು ಕೊಟ್ಟರು. ತಿಂದೆ.

"ನಾಲಗೆಗೆ ಏನಾಯ್ತು?"

ನನಗೆ ಒಂದು ಅಡ್ಜೆಕ್ಟಿವೂ ಹೊಳೆಯಲಿಲ್ಲ. ಅತ್ತೆ ನನ್ನ ಮುಖ ನೋಡಿ, "ಈಗ ಆಯ್ತು" ಅಂದರು.

ನಿಂಗೇಗೌಡರಿಗೆ ಓಡಿ ಹೋಗಿ ಹೇಳಿದೆ. ಗೌಡರು ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಡಮ್ಮೋರು ಕೊಟ್ರೆ ಈ ವರ್ಸಾನೇ ನೆಡ್ತೀನಿ ಕಣವ್ವ. ಬೈದ್ರೆ ಬೈಸ್ಕತೀನಿ. ನಮ್ದೂ ತಪ್ಪಿತ್ತಲ್ಲ. ಬದ್ನೇಕಾಯ್ ಮಾರಿ ಮಾರಿ ಬಾಯಿ ರುಚೀನೇ ಓಗ್ಬುಟ್ಟದೆ." ನನ್ನ ಜೊತೆಯಲ್ಲೇ ಬಂದು ಗೇಟಿನ ಹೊರಗೆ ನಿಂತರು. ಅತ್ತೆ ಗೇಟು ತೆಗೆಯಲಿಲ್ಲ.

"ಗೌಡ್ರೇ, ನಿಮಗೆ ಕೊಡ್ತೀನಿ. ಮೊದಲು ಅವನು ಬಂದು ಕೇಳ್ಲಿ."

"ಚೌರಪ್ಪೋರು ಈಗ ಬೇಸಾಯದಾಗಿಲ್ವಲ್ಲ..."

"ಅವನು ಬಂದು ಕೇಳ್ಲಿ."

ಅಪ್ಪನಿಗೆ ಹೇಳಿದೆ. ಅಪ್ಪ ಪೇಪರ್ ಕೆಳಗಿಡಲಿಲ್ಲ. "ಕಳ್ಳ ಅಂದ ಬಾಯಲ್ಲಿ ಒಂದು ಸಲ ತ‌ಮ್ಮ ಅನ್ನಲಿ. ಆ ಕ್ಷಣ ಹೋಗ್ತೀನಿ." ಎರಡು ಮನೆಯ ನಡುವೆ ನಾನು ಟಪಾಲಿನವಳಂತೆ ಓಡಾಡಿದೆ. ಇಬ್ಬರೂ ಒಂದೇ ಮರದ ಕಟ್ಟಿಗೆ. ಚಳಿಗಾಲ ಮುಗಿಯಿತು.

ಏಪ್ರಿಲಿನಲ್ಲಿ ಅತ್ತೆಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ದಿಂಬಿಗೆ ಒರಗಿದ್ದರು. ತೆಳ್ಳಗಾಗಿದ್ದರು. ಬೀಗದ ಕೈಯನ್ನು ಸೇಫ್ಟಿಪಿನ್ನಿನಲ್ಲಿ ರವಿಕೆಗೆ ಸಿಕ್ಕಿಸಿಕೊಂಡಿದ್ದರು.

"ಅತ್ತೆ, ಗಿಡಕ್ಕೆ ನೀರು?"

"ಬಿಸಿಲಿಗೆ ಚಪ್ಪರ ಹಾಕಿದ್ದೀನಿ."

"ಚಪ್ಪರ ನೀರು ಹಾಕುತ್ತಾ? ಬೀಗದ ಕೈ ಕೊಡಿ. ದಿನಾ ಹೋಗಿ ಹಾಕಿ ಬರ್ತೀನಿ."

ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟ ನನಗೆ ಗೊತ್ತಿದ್ದದ್ದೇ. "ನಿಮ್ಮಪ್ಪನ ಕೈಗೂ ಹೀಗೇ ಕೊಟ್ಟಿದ್ದೆ. ನೀರು ಹಾಕೋಕೆ."

"ಹಾಗಾದ್ರೆ ಒಣಗಲಿ" ಅಂದೆ.

"ಒಣಗಲ್ಲ. ಚೌರಿ ಬರ್ತಾನೆ. ಬಂದು ಕೇಳ್ತಾನೆ, ಅವನ ಕೈಗೇ ಕೊಡ್ತೀನಿ" ಎಂದು ಗೋಡೆಯ ಕಡೆ ತಿರುಗಿದರು. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಇದೇ.

ಮನೆಗೆ ಬಂದು ಅಪ್ಪನ ಮುಂದೆ ಕಣ್ಣೀರು ಹಾಕಿದೆ. "ಕಾಂಪೌಂಡು ಹಾರಿ ಹೋಗಿಯಾದ್ರೂ ನೀರು ಹಾಕಿ ಬರ್ತೀನಿ ಅಪ್ಪ. ಗೌಡ್ರೂ ಬರ್ತಾರಂತೆ."

"ಇನ್ನೊಂದು ಸಲ ಕದಿಯೋಕಾ?" ಅಂದರು ಅಪ್ಪ. "ನನ್ನ ಮನೆಯಿಂದ ಯಾರೂ ಆ ಗೋಡೆ ಹಾರೋದಿಲ್ಲ."

ಆ ವಾರ ಬಿಸಿಲು ಹೇಗಿತ್ತೆಂದರೆ ಟಾರು ಚಪ್ಪಲಿಗೆ ಅಂಟುತ್ತಿತ್ತು. ಅಪ್ಪ ದಿನಾ ಬೆಳಿಗ್ಗೆ ಆಕಾಶ ನೋಡುವರು. ಒಂದು ಮೋಡ ಬಂದರೆ ಸಾಕೆಂದು ಅವರೂ ಕಾಯುತ್ತಿದ್ದರೋ ಏನೋ. ಆಮೇಲೆ ಒಂದು ಬೆಳಿಗ್ಗೆ ಮಿಲ್ಲಿಗೆ ಹೋಗುವ ಬಟ್ಟೆ ಹಾಕದೆ, ಒಳ್ಳೇ ಕೋಟು ಹಾಕಿಕೊಂಡು, ಏನೂ ಹೇಳದೆ ಆಸ್ಪತ್ರೆಯ ಕಡೆ ಹೊರಟರು. ಬೀದಿಯ ತಿರುವಿನಲ್ಲೇ ಆಸ್ಪತ್ರೆಯವರು ಸುದ್ದಿ ಹೇಳಲು ಕಳಿಸಿದವನು ಎದುರಾದ.

ಸಮಾಧಿಯ ಕೆಲಸ ಮುಗಿದ ಮೇಲೆ ಒಬ್ಬರು ಸಿಸ್ಟರ್ ಅತ್ತೆಯ ಕನ್ನಡಕವನ್ನೂ ಬೀಗದ ಕೈಯನ್ನೂ ಅಪ್ಪನ ಕೈಗೆ ಕೊಟ್ಟರು. ಅಪ್ಪ ಅಲ್ಲಿಂದ ನೆಟ್ಟಗೆ ಯಾದವಗಿರಿಗೆ ನಡೆದರು. ಹಿಂದೆ ನಾನು, ನಿಂಗೇಗೌಡರು.

ಚಪ್ಪರದ ಕೆಳಗೆ ಎರಡು ಸಾಲೂ ಹುಲ್ಲಿನಂತೆ ಮಲಗಿದ್ದವು. ಗೌಡರು ಒಂದು ಗಿಡ ಮುಟ್ಟಿದರು, ಎಲೆ ಬೆರಳಲ್ಲಿ ಪುಡಿಯಾಯಿತು. ಅಪ್ಪ ಕೋಟು ಬಿಚ್ಚಿ ಬಾವಿಕಟ್ಟೆಯ ಮೇಲೆ ಹಾಕಿ, ಕೊಡ ಬಿಟ್ಟು ನೀರು ಸೇದಿದರು. ತಂದು ಮೊದಲ ಬುಡಕ್ಕೆ ಸುರಿದರು. ಮಣ್ಣು ನೀರನ್ನು ಕುಡಿಯಲೇ ಇಲ್ಲ, ಮೇಲಿಂದ ಮೇಲೇ ಹರಿದುಹೋಯಿತು. ಮತ್ತೆ ಸೇದಿದರು.

"ಬುಡಿ ಚೌರಪ್ಪೋರೆ. ಸತ್ತೋಗವೆ."

"ಹಟಮಾರಿ" ಅಂದರು ಅಪ್ಪ. ಗೌಡರಿಗಲ್ಲ. "ದೆವ್ವದಂಥೋಳು. ಯಾರಿಗಾದ್ರೂ ಒಂದು ಮಾತು ಹೇಳಬಾರದಿತ್ತಾ? ಬಾಯಲ್ಲಿ ಏನಿತ್ತು ನಿಂಗೆ? ನೀರು ಹಾಕು ಅನ್ನೋಕೆ ಏನಾಗಿತ್ತು?" ಬೈಯುತ್ತಾ ಸೇದಿದರು, ಸೇದುತ್ತಾ ಬೈದರು. ಎರಡು ಸಾಲಿನಲ್ಲಿ ಒಂದು ಬುಡವನ್ನೂ ಬಿಡಲಿಲ್ಲ. ಅಂಗಿ ಎದೆಯವರೆಗೆ ನೆನೆದಿತ್ತು. ಗೌಡರು ಇನ್ನೊಂದು ಕೊಡ ಹುಡುಕಿ ತಂದರು.

ಮಾಲೀಕರು ಮನೆ ಬಿಡಿಸಿಕೊಳ್ಳುವವರೆಗೂ ಅಪ್ಪ ಮಿಲ್ಲಿಗೆ ಹೋಗುವ ಮುಂಚೆ ದಿನಾ ಹೋಗಿ ನೀರು ಹಾಕಿದರು. ಒಂದೂ ಚಿಗುರಲಿಲ್ಲ.